ನಿರ್ಮಲಮ್ಮ ಕೊಂಡ ಕಾರ್ಡು

ಸದಾಶಿವಪ್ಪ ಕಂಪ್ಯೂಟರಿನ ಖಾಲಿ ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿದ. ಅದನ್ನು ಕೆಳಗಿಟ್ಟು ಪಕ್ಕದ್ದನ್ನು ಎತ್ತಿದ. ಮತ್ತೆ ಮೊದಲನೆಯದರ ಬೆನ್ನು ತಟ್ಟಿದ.

"ಇದು ಭಾರ ಐತೆ ಮಾರಾಯ. ಇದನ್ನೇ ಕೊಡು."

"ಅದು ಬರೇ ತಗಡು ರೀ ಯಜಮಾನ್ರೆ," ಅಂಗಡಿಯ ಗುರುಪ್ರಕಾಶ್ ನಕ್ಕ. "ಒಳಗ ಏನ್ ಕೂಡಸ್ತೀವಿ ಅನ್ನೋದ್ರ ಮ್ಯಾಲೆ ಐತಿ ಎಲ್ಲಾ. ಎತ್ತಿನ ಹಲ್ಲು ನೋಡ್ದಂಗ ಇದ್ರ ಹಲ್ಲು ಹಿಡಿದು ನೋಡಾಕ ಆಗಂಗಿಲ್ಲ."

"ಹಲ್ಲು ನೋಡ್ದೆ ಮೂವತ್ತೈದು ಸಾವಿರ ಕೊಡೋ ದಡ್ಡ ಇಡೀ ಶಿಕಾರಿಪುರದಾಗೆ ನಾನೊಬ್ಬನೇ ಇರಬೇಕು."

"ಕೊಡೋರು ಅಕ್ಕಾರು, ನೀವಲ್ಲ ಬಿಡ್ರಿ."

ಇಬ್ಬರೂ ನಕ್ಕರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಸದಾಶಿವಪ್ಪನ ಹೆಂಡತಿ ನಿರ್ಮಲಮ್ಮನೂ ಸಣ್ಣಗೆ ನಕ್ಕಳು. ಮಾತು ನಿಜವೇ. ಸೊರಬದ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತು ವರ್ಷ ಮಗ್ಗಿ ಹೇಳಿಸಿದವಳಿಗೆ ಈ ಸಲ ಸಂಬಳದ ಹಿಂಬಾಕಿ ಒಟ್ಟಿಗೆ ಬಂದಿತ್ತು. ಕಂಪ್ಯೂಟರ್ ತರೋಣ ಎಂದು ಅವಳೇ ಹೇಳಿದ್ದಳು. ಯಾಕೆ ಎಂದು ಮಾತ್ರ ಹೇಳಿರಲಿಲ್ಲ. ಗಂಡ ತಾನಾಗಿಯೇ ಒಂದು ಕಾರಣ ಹುಡುಕಿಕೊಂಡಿದ್ದ. ಮನೆಯ ಮುಂದಿನ ಕೋಣೆಯಲ್ಲಿ ಯಂತ್ರ ಇಟ್ಟರೆ ಅರ್ಜಿ, ಕರಾರು ಪತ್ರ, ಮದುವೆ ಕಾಗದ ಎಲ್ಲ ಅಚ್ಚು ಹಾಕಿ ಕೊಡಬಹುದು. ತಾಲ್ಲೂಕು ಆಫೀಸು ಹತ್ತಿರವೇ ಇದೆ. ಅದು ತಪ್ಪೆಂದು ಅವಳು ಹೇಳಲಿಲ್ಲ. ಹೌದೆಂದೂ ಹೇಳಲಿಲ್ಲ.

ಬಸ್ ಸ್ಟ್ಯಾಂಡಿನ ಹಿಂದೆ, ಬೀಜ-ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಗುರುಪ್ರಕಾಶನ ಅಂಗಡಿ. ಅವನು ಬೆಂಗಳೂರಿನಿಂದ ಬಿಡಿ ಭಾಗಗಳನ್ನು ತಂದು ಇಲ್ಲಿ ಜೋಡಿಸಿ ಕೊಡುತ್ತಿದ್ದ. ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಒಂದೊಂದನ್ನೇ ಬಿಚ್ಚಿ ಇಟ್ಟಿದ್ದ. ನಿರ್ಮಲಮ್ಮ ಹಸಿರು ಹಲಗೆಯ ಮೇಲೆ ಬಗ್ಗಿದಳು. ಅದರ ತುಂಬ ಬೆಳ್ಳಿಯ ಎಳೆಗಳು ಓಡಿದ್ದವು. ಒಂದೂ ಇನ್ನೊಂದನ್ನು ಮುಟ್ಟದೆ, ಒತ್ತಾಗಿ, ಎಲ್ಲಿಂದಲೋ ಹೊರಟು ಎಲ್ಲಿಗೋ ತಲುಪಿದ್ದವು. ಇದನ್ನು ಯಾರು ಗೀಚಿದರು, ಯಾವ ಕಣ್ಣು ಇದನ್ನು ಇಷ್ಟು ಸಣ್ಣದಾಗಿ ಕಂಡಿತು ಎಂದು ಅವಳಿಗೆ ಬೆರಗಾಯಿತು. ಮುಟ್ಟಲು ಹೋದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು.

"ಮುಟ್ರಿ ಅಕ್ಕಾರೆ, ಅಂಚಿಗೆ ಹಿಡೀರಿ. ಇದು ಮದರ್ ಬೋರ್ಡು. ತಾಯಿ ಇದ್ದಂಗ. ಉಳಿದವೆಲ್ಲ ಇದ್ರ ಮಡಿಲಾಗ ಕುಂದ್ರಬೇಕು."

"ಮತ್ತೆ ಇದು?" ಮೂಲೆಯಲ್ಲಿದ್ದ ಸಣ್ಣ ಪೆಟ್ಟಿಗೆಯನ್ನು ತೋರಿಸಿದಳು. ಏನೆಂದು ಗೊತ್ತಿದ್ದೇ ಕೇಳಿದ್ದಳು.

"ಅದು ತ್ರೀಡಿ ಕಾರ್ಡು. ಅದಿಲ್ಲದಿದ್ರೂ ಕಂಪ್ಯೂಟರ್ ನಡೀತೈತಿ. ಲೆಕ್ಕ, ಟೈಪಿಂಗು, ಏನ್ ಬೇಕಾದ್ರೂ ಮಾಡ್ರಿ. ಆಟಕ್ಕ ಮಾತ್ರ ಅದು ಬೇಕು. ಸಾಗರದೋರೊಬ್ರು ಹೇಳಿದ್ರು ಅಂತ ತಂದಿದ್ದೆ, ಬರಲೇ ಇಲ್ಲ. ನೀವು ಫೋನಿನಾಗ ಕೇಳಿದ್ರಿ ಅಂತ ಎತ್ತಿಟ್ಟೀನಿ."

ಸದಾಶಿವಪ್ಪ ಹೆಂಡತಿಯ ಮುಖ ನೋಡಿದ. ಅವಳು ಹಸಿರು ಹಲಗೆಯನ್ನೇ ನೋಡುತ್ತಿದ್ದಳು.

ಕಳೆದ ಬೇಸಿಗೆಯಲ್ಲಿ ಮತದಾರರ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕುವಾಗ ಹೆಸರು ತಾಳೆ ನೋಡಲೆಂದು ಅವಳನ್ನು ಒಂದು ವಾರ ಶಿವಮೊಗ್ಗಕ್ಕೆ ಕಳಿಸಿದ್ದರು. ಅಲ್ಲಿ ಟೈಪ್ ಮಾಡುತ್ತಿದ್ದ ಸಾವಿತ್ರಿಬಾಯಿ ಎಂಬ ಹುಡುಗಿ ಊಟದ ಹೊತ್ತಿನಲ್ಲಿ ಪಟ್ಟಿ ಮುಚ್ಚಿ ವಿಮಾನದ ಆಟ ತೆರೆಯುತ್ತಿದ್ದಳು. "ಬನ್ನಿ ಮೇಡಂ, ನೀವೂ ಒಂದ್ಸಲ ಹಾರ್ಸಿ. ಬಿದ್ರೆ ಯಾರೂ ಸಾಯಲ್ಲ," ಎಂದು ಕುರ್ಚಿ ಬಿಟ್ಟುಕೊಟ್ಟಿದ್ದಳು. ಮೂರು ಸಲ ಬಿತ್ತು. ನಾಲ್ಕನೆಯ ಸಲ ರಸ್ತೆ ಮುಗಿಯುವ ಮೊದಲೇ ನೆಲ ತಾನಾಗಿ ಕೆಳಗಿಳಿಯಿತು.

ನೆಲ ಕೆಳಗಿಳಿಯಿತು, ಅಷ್ಟೆ. ಆದರೆ ನಿರ್ಮಲಮ್ಮ ಪರದೆಗೆ ಮುಖ ಹತ್ತಿರ ತಂದಳು. ತಾಳಗುಂದದ ಗದ್ದೆಯ ಬದುವಿನ ಮೇಲೆ ಹುಟ್ಟಿ ಬೆಳೆದವಳು, ಮದುವೆಯಾಗಿ ಸೊರಬಕ್ಕೆ ಬಂದವಳು, ಹೆಚ್ಚೆಂದರೆ ಎರಡನೆಯ ಮಹಡಿ ಹತ್ತಿದವಳು. ಅಪ್ಪ ಮತ್ತು ಚಿಕ್ಕಪ್ಪ ಒಂದು ಬದುವಿನ ಸಲುವಾಗಿ ಸಾಯುವತನಕ ಮಾತು ಬಿಟ್ಟಿದ್ದರು. ಪರದೆಯ ಮೇಲೆ ಯಾವುದೋ ದೇಶದ ಹೊಲಗಳು ಕೌದಿಯ ತುಂಡುಗಳಂತೆ ಹರಡಿದ್ದವು, ಬದುಗಳು ಹೊಲಿಗೆಯಷ್ಟು ಸಣ್ಣಗಿದ್ದವು. ಒಂದು ನದಿ ಹೊಳೆಯಿತು. ಮೋಡದೊಳಗೆ ಹೊಕ್ಕಾಗ ಅವಳು ಉಸಿರು ಕಟ್ಟಿದ್ದಳು. ಆ ಸಂಜೆ ಬಸ್ಸು ತಪ್ಪಿತು. ಆಮೇಲಿನ ತಿಂಗಳುಗಳಲ್ಲಿ ರೊಟ್ಟಿ ತಟ್ಟುವಾಗ, ಹಾಜರಿ ಕರೆಯುವಾಗ, ಗಂಡನ ಪಂಚೆ ಹಿಂಡುವಾಗ ನೆಲ ಒಮ್ಮೊಮ್ಮೆ ಹಾಗೆಯೇ ಕೆಳಗಿಳಿಯುತ್ತಿತ್ತು. ಯಾರಿಗೂ ಹೇಳುವ ವಿಷಯವಾಗಿರಲಿಲ್ಲ.

"ಆತು, ಇತ್ಯರ್ಥ ಮಾಡಾಣ," ಎಂದು ಸದಾಶಿವಪ್ಪ ಹೆಗಲ ಮೇಲಿನ ಟವೆಲ್ ತೆಗೆದ.

ಅವನು ದನದ ದಲ್ಲಾಳಿ. ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವ ಪದ್ಧತಿಯಿಲ್ಲ. ಟವೆಲಿನ ಕೆಳಗೆ ಕೈಗೆ ಕೈ ಸೇರಿಸಿ, ಬೆರಳು ಹಿಡಿದು, ಬೆರಳು ಬಿಟ್ಟು ಮುಗಿಸುತ್ತಾರೆ. ಸುತ್ತ ನಿಂತವರಿಗೆ ಇಬ್ಬರ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ. ಗುರುಪ್ರಕಾಶನ ತಾತನೂ ಅದೇ ಕಸುಬಿನವನಾಗಿದ್ದ. ಹುಡುಗನಾಗಿದ್ದಾಗ ಕಲಿತದ್ದು ಕೈಗೆ ಮರೆತಿರಲಿಲ್ಲ. ಅವನು ಖುಷಿಯಿಂದಲೇ ಕೈ ಚಾಚಿದ. ಟವೆಲ್ ಅಲ್ಲಾಡಿತು. ಸದಾಶಿವಪ್ಪ ಸೂರು ನೋಡಿದ, ಗುರುಪ್ರಕಾಶ್ ತುಟಿ ಕಚ್ಚಿದ.

ನಿರ್ಮಲಮ್ಮನ ಮದುವೆಯ ಮಾತುಕತೆಯೂ ಹೀಗೆಯೇ ನಡೆದಿತ್ತು. ಅಪ್ಪ ಮತ್ತು ಗಂಡಿನ ಸೋದರಮಾವ ಪಡಸಾಲೆಯಲ್ಲಿ ಕೈ ಮೇಲೆ ಟವೆಲ್ ಹೊದಿಸಿಕೊಂಡು ಕೂತಿದ್ದರು. ಅವಳು ಬಾಗಿಲ ಮರೆಯಲ್ಲಿ ನಿಂತು ಆ ಬಟ್ಟೆಯ ಅಲುಗಾಟವನ್ನು ನೋಡಿದ್ದಳು. ಯಾವ ಬೆರಳಿಗೆ ತನ್ನ ಮದುವೆ ಕುದುರಿತು ಎಂಬುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

"ಆಗ್ಲಿ ಬಿಡ್ರಿ," ಎಂದ ಗುರುಪ್ರಕಾಶ್. ಕೈ ಈಚೆ ತೆಗೆದು, ಸಣ್ಣ ಪೆಟ್ಟಿಗೆಯನ್ನು ಒಯ್ದು ಕಪಾಟಿನಲ್ಲಿಟ್ಟ. ಅಟ್ಟದಿಂದ ದೊಡ್ಡ ಪ್ರಿಂಟರ್ ಇಳಿಸತೊಡಗಿದ.

"ಅದನ್ಯಾಕೆ ಒಳಗಿಟ್ರಿ?"

"ಯಜಮಾನ್ರು ಪ್ರಿಂಟರ್ ಅಂದ್ರು ಅಕ್ಕಾರೆ. ನಿಮ್ಮ ದುಡ್ಡಿನಾಗ ಎರಡೂ ಬರಂಗಿಲ್ಲ. ಒಂದು ಅದು, ಇಲ್ಲಾ ಇದು."

"ಆಟದ್ದು ಎಂತಕ್ಕೆ?" ಸದಾಶಿವಪ್ಪ ಟವೆಲ್ ಕೊಡವಿದ. "ಮಗಳು ಗಂಗಾಶ್ರೀ ನರ್ಸಿಂಗ್ ಪುಸ್ತಕ ಬಿಟ್ಟು ತಲೆ ಎತ್ತಲ್ಲ. ಮನೇಲಿ ಬೇರೆ ಯಾರಿದಾರೆ ಆಡೋರು? ಶಾಲೆ ಮಕ್ಕಳಿಗನಾ?"

ಸುಳ್ಳು ತಾನಾಗಿಯೇ ಬಂದು ಕೈಯೊಡ್ಡಿ ನಿಂತಿತ್ತು. ಹೌದು, ಮಕ್ಕಳಿಗೆ ಭೂಗೋಳ ತೋರಿಸಲು ಎಂದರೆ ಸಾಕು. ಗಂಡ ಗೊಣಗುತ್ತ ಒಪ್ಪುತ್ತಾನೆ, ಗುರುಪ್ರಕಾಶ್ ಮೆಚ್ಚುತ್ತಾನೆ. ಆದರೆ ಆಮೇಲೆ ಪ್ರತಿ ಸಲ ಆ ಕುರ್ಚಿಯಲ್ಲಿ ಕೂರುವಾಗಲೂ ಮಕ್ಕಳನ್ನು ಮುಂದೆ ಕೂರಿಸಿಕೊಂಡೇ ಕೂರಬೇಕು.

"ನನಗೆ," ಎಂದಳು.

"ನಿಂಗೆ ಎಂತದು?"

"ಆಟ. ನಾನು ಆಡಕ್ಕೆ."

ಗುರುಪ್ರಕಾಶ್ ಪ್ರಿಂಟರ್ ಹಿಡಿದುಕೊಂಡೇ ಏಣಿಯ ಮೇಲೆ ನಿಂತ. ಕೆಳಗೆ ಶಿರಾಳಕೊಪ್ಪದ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ.

"ಈ ವಯಸ್ಸಿಗನೇ?"

"ಹೋದ ವಯಸ್ಸಿನಾಗೆ ಇದು ಇರ್ಲಿಲ್ಲ."

ಸದಾಶಿವಪ್ಪ ನಗಲು ನೋಡಿದ, ಪೂರಾ ಬರಲಿಲ್ಲ. "ಜನ ಎಂತ ಅಂತಾರೆ ಮಾರಾಯ್ತಿ? ಅಕ್ಕೋರು ಮನೇಲಿ ಕೂತು ಆಟ ಆಡ್ತಾರೆ ಅಂತ ಊರೆಲ್ಲ ಹೇಳ್ತಾರೆ."

"ನೀವು ಇಸ್ಪೀಟು ಆಡೋದಕ್ಕೆ ಎಷ್ಟು ಅಂದ್ರೋ ಅಷ್ಟೇ ಅನ್ಲಿ."

ಗುರುಪ್ರಕಾಶ್ ಕೆಮ್ಮಿದ. ಸದಾಶಿವಪ್ಪನ ಕಿವಿ ಕೆಂಪಾಯಿತು. "ತಡಿ, ತಡಿ," ಎನ್ನುತ್ತ ಅವನು ಮತ್ತೆ ಟವೆಲ್ ಹರಡಿ, ಏಣಿಯಿಂದ ಇಳಿದವನ ಕೈಯನ್ನು ಒಳಗೆಳೆದುಕೊಂಡ. ಬಟ್ಟೆ ಜೋರಾಗಿ ಅಲುಗಿತು. ಅವಳನ್ನು ಬಿಟ್ಟು ಮತ್ತೆ ಏನೋ ತೀರ್ಮಾನವಾಗುತ್ತಿತ್ತು. ಅವಳ ಪರವಾಗಿಯೇ ಇದ್ದರೂ ಇರಬಹುದು.

ನಿರ್ಮಲಮ್ಮ ಎದ್ದು ಹೋಗಿ ಟವೆಲ್ ಎತ್ತಿದಳು.

ಕೆಳಗೆ ಎರಡು ಕೈಗಳಿದ್ದವು. ಗಂಡನ ಗಂಟು ಗಂಟು ಬೆರಳುಗಳು ಗುರುಪ್ರಕಾಶನ ತೋರುಬೆರಳು, ಮಧ್ಯದ ಬೆರಳನ್ನು ಹಿಡಿದಿದ್ದವು. ಇಷ್ಟೇ. ಬೆಳಕು ಬಿದ್ದದ್ದೇ ಸ್ನಾನಕ್ಕೆ ಕೂತಾಗ ಯಾರೋ ಬಾಗಿಲು ತೆರೆದಂತೆ ಇಬ್ಬರೂ ಕೈ ಬಿಡಿಸಿಕೊಂಡರು.

"ಬಾಯಲ್ಲೇ ಹೇಳ್ರಿ," ಎಂದಳು. "ನಾನೂ ಕೇಳ್ತೀನಿ."

ಆಮೇಲೆ ಗುರುಪ್ರಕಾಶ್ ಕಪಾಟಿನಿಂದ ಸಣ್ಣ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟು, ಮೊದಲ ಸಲ ಅವಳ ಕಡೆಗೆ ತಿರುಗಿ ಕೂತ.

"ಪ್ರಿಂಟರ್ ಬಿಟ್ರೂ ಇನ್ನೂ ಸ್ವಲ್ಪ ಜಾಸ್ತಿನೇ ಆಗ್ತೈತಿ ಅಕ್ಕಾರೆ. ಏನರ ತೆಗೀಬೇಕು. ಮೆಮೊರಿ ಅರ್ಧ ಮಾಡ್ಲಾ?"

"ಅರ್ಧ ಮಾಡಿದ್ರೆ ಏನಾಗ್ತದೆ?"

"ಬೆಟ್ಟ ತಡ ಆಗಿ ಬರ್ತಾವು."

"ಹಂಗಂದ್ರೆ?"

"ನೀವು ಹಾರ್ಕೊಂತ ಹೋಗ್ತೀರಿ, ಮುಂದ ಬೆಟ್ಟ ಇರಂಗಿಲ್ಲ. ಹತ್ರ ಹೋದ ಮ್ಯಾಲೆ ಗಕ್ಕನ ಎದ್ದು ನಿಲ್ತಾವು."

"ಅದು ಬೇಡ. ಬೆಟ್ಟ ಇರೋ ಕಡೆ ಮೊದಲೇ ಇರ್ಲಿ."

"ಪರದೆ?"

"ಸಣ್ಣದೇ ಸಾಕು."

"ಮತ್ತೂ ದುಡ್ಡು ಕಡಿಮೆ ಬೀಳ್ತೈತಿ. ಸೌಂಡ್ ಕಾರ್ಡು, ಸ್ಪೀಕರು ತೆಗೆದ್ರ ಸರಿಹೋಗ್ತೈತಿ. ಆದ್ರ ಶಬ್ದ ಇಲ್ಲದ ಆಟ ಸಪ್ಪೆ ಅಕ್ಕಾರೆ."

"ಕಾಣೋದರಲ್ಲಿ ಏನಾದ್ರೂ ಕಡಿಮೆ ಆಗ್ತದಾ?"

"ಇಲ್ಲ. ಎಲ್ಲಾ ಕಾಣ್ತೈತಿ. ಕೇಳಂಗಿಲ್ಲ, ಅಷ್ಟೇ."

"ತೆಗೀರಿ ಹಂಗಾದ್ರೆ."

ಬೆಲೆ ಹೇಳುವ ಹೊತ್ತಿಗೆ ಸದಾಶಿವಪ್ಪನ ದನಿ ಮೂಗಿನಲ್ಲಿ ಬಂತು. ಸಂತೆಯಲ್ಲಿ ಹುಲಿಯಂತಿದ್ದವನು ಎಲ್ಲರೆದುರು ಬಾಯಿಬಿಟ್ಟು ಚೌಕಾಸಿ ಮಾಡಲು ಬಾರದೆ, "ಅದೇ... ಒಂದೈನೂರು... ನೋಡು ಮಾರಾಯ," ಎಂದು ತೊದಲಿದ. ಗುರುಪ್ರಕಾಶ್ ಕನಿಕರಪಟ್ಟು ಐನೂರು ಬಿಟ್ಟ.

ಮಧ್ಯಾಹ್ನವೆಲ್ಲ ಅವನು ಜೋಡಿಸಿದ. ನಿರ್ಮಲಮ್ಮ ಅಲುಗದೆ ಕೂತು ನೋಡಿದಳು. ಒಂದೊಂದು ಹಲಗೆಯೂ ತನ್ನ ಸಂದಿಯಲ್ಲಿ ಕ್ಲಿಕ್ ಎಂದು ಕೂತಿತು. ಗುಂಡಿ ಒತ್ತಿದಾಗ ಒಳಗೆ ಫ್ಯಾನು ತಿರುಗಿ, ಕಪ್ಪು ಪರದೆಯ ಮೇಲೆ ಬಿಳಿಯ ಅಂಕಿಗಳು ತಾವೇ ತಮ್ಮನ್ನು ಎಣಿಸಿಕೊಂಡವು. ಬೆಳಿಗ್ಗೆ ಪೇಪರಿನ ಮೇಲೆ ಬಿಡಿ ಬಿಡಿಯಾಗಿ ಬಿದ್ದಿದ್ದವು ಇವೇ. ಅವಳ ಕೈ ತಾನಾಗಿಯೇ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡಿತು. ಗುರುಪ್ರಕಾಶ್ ಸೀಡಿಯಲ್ಲಿ ಆಟವನ್ನೂ ಹಾಕಿಕೊಟ್ಟ.

ಸೊರಬದ ಬಸ್ಸಿನಲ್ಲಿ ಸದಾಶಿವಪ್ಪ ಪರದೆಯ ಪೆಟ್ಟಿಗೆಯನ್ನು ತೊಡೆಯ ಮೇಲೆ ಅಪ್ಪಿಕೊಂಡು ಕೂತ. ಶಿರಾಳಕೊಪ್ಪದಲ್ಲಿ ಪರಿಚಯದವರು ಹತ್ತಿ, "ಎಂತ ಸದಾಶಿವಪ್ಪ, ಟೀವಿಯಾ?" ಎಂದು ಕೇಳಿದರು.

"ಕಂಪ್ಯೂಟ್ರು."

"ಓಹೋ! ಮಗಳಿಗಾ?"

ನಿರ್ಮಲಮ್ಮ ಕಿಟಕಿಯ ಸರಳು ಹಿಡಿದಳು. ಸದಾಶಿವಪ್ಪ ಪೆಟ್ಟಿಗೆಯನ್ನು ಸರಿಮಾಡಿಕೊಂಡ.

"ಇವಳಿಗೆ," ಎಂದ, ಯಾರ ಮುಖವನ್ನೂ ನೋಡದೆ.

ಭಾನುವಾರ ಬೆಳಿಗ್ಗೆ ಅವನೇ ಡಬ್ಬಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು, ಯಂತ್ರಕ್ಕೆ ತಾಗಬಾರದೆಂದು ಅದರ ನೀರನ್ನು ಅಂಗಳದಲ್ಲೇ ಚೆಲ್ಲಿ ಬಂದ. ಆಮೇಲೆ ಹಿಂದಿನ ಮಂಚದ ಮೇಲೆ ಪೇಪರ್ ಬಿಡಿಸಿ ಕೂತ. ತನಗೂ ಈ ಯಂತ್ರಕ್ಕೂ ಸಂಬಂಧವಿಲ್ಲವೆಂಬಂತೆ ಪೇಪರನ್ನು ಮುಖದೆತ್ತರಕ್ಕೆ ಹಿಡಿದಿದ್ದ.

ನಿರ್ಮಲಮ್ಮ ಯಂತ್ರದ ಮುಂದೆ ಕೂತು ಆಟ ತೆರೆದಳು. ಮೊದಲ ಸಲ ವಿಮಾನ ರಸ್ತೆ ಬಿಟ್ಟು ಹುಲ್ಲಿಗೆ ಹೋಗಿ ಮೂಗು ಊರಿತು. ಹಿಂದೆ ಪೇಪರ್ ಸರಕ್ ಎಂದಿತು. ಎರಡನೆಯ ಸಲ ಬಿಳಿಯ ಗೆರೆ ನೇರವಾಗಿ ಅವಳ ಕಡೆಗೆ ಓಡಿಬಂತು, ಬಂತು, ಬಂತು, ಮತ್ತೆ ಇಲ್ಲವಾಯಿತು. ನೆಲ ಕೆಳಗಿಳಿಯಿತು.

ಶಬ್ದವೇ ಇರಲಿಲ್ಲ. ಮೋಡದೊಳಗೆ ಹೊಕ್ಕಾಗ ಪಕ್ಕದ ಮನೆಯಲ್ಲಿ ಯಾರೋ ಒಗ್ಗರಣೆ ಹಾಕಿದ್ದು ಕೇಳಿಸಿತು. ಬಾವಿಯ ಗಡಗಡೆ ಕಿರುಗುಟ್ಟಿತು. ಮೋಡ ಹರಿದು, ದೂರದಲ್ಲಿ ನೀಲಿ ಬೆಟ್ಟಗಳ ಸಾಲು ತಾನಿರಬೇಕಾದ ಕಡೆಯಲ್ಲಿ ಮೊದಲೇ ಬಂದು ನಿಂತಿತ್ತು. ಅವುಗಳ ಆಚೆ ಇನ್ನೊಂದು ಸಾಲು. ಅದರಾಚೆ ನೀರು, ಇಡೀ ನೀರು, ಬೆಳಗಿನ ಬಿಸಿಲಿಗೆ ತಾಮ್ರದ ಹರಿವಾಣದಂತೆ. ಇಷ್ಟು ದೊಡ್ಡದಿತ್ತೇ ಎಂದುಕೊಂಡಳು. ಕಣ್ಣಲ್ಲಿ ನೀರು ಬಂದದ್ದು ರೆಪ್ಪೆ ಬಡಿಯದೆ ನೋಡಿದ್ದರಿಂದಲೇ ಇರಬೇಕು.

ನೀರಿನ ಕಡೆಗೆ ಹೋಗೋಣವೆಂದು ಎಡಕ್ಕೆ ತಿರುಗಿಸಿದಳು. ರೆಕ್ಕೆ ಬಾಗಿತು. ಇಡೀ ಭೂಮಿ, ಬೆಟ್ಟ ಹೊಳೆಗಳ ಸಮೇತ, ನಿಧಾನವಾಗಿ ಓರೆಯಾಗಿ ಮೇಲೆದ್ದಿತು.

"ನೋಡಿದ್ರಾ?" ಎನ್ನಲು ತಿರುಗಿದಳು.

ಪೇಪರ್ ನೆಲಕ್ಕೆ ಜಾರಿತ್ತು. ಸದಾಶಿವಪ್ಪ ಮಂಚದ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಪರದೆಯಿಂದ ಕಣ್ಣು ತೆಗೆಯದೆ, ಮೈಯನ್ನೆಲ್ಲ ಬಲಕ್ಕೆ ವಾಲಿಸಿ ಕೂತಿದ್ದ. ಅವನ ಪಾದಗಳೆರಡೂ ನೆಲ ಬಿಟ್ಟು ಮೇಲಿದ್ದವು.

ನಿರ್ಮಲಮ್ಮ ಮತ್ತೆ ಮುಂದಕ್ಕೆ ತಿರುಗಿ, ರೆಕ್ಕೆಯನ್ನು ಇನ್ನಷ್ಟು ಹೊತ್ತು ಹಾಗೆಯೇ ಬಾಗಿಸಿ ಹಿಡಿದಳು.