ಚಿತೊಸೆಗೆ ಸೇರದ ಹಬೆ

ಚಹಾದ ಮೊದಲ ಕೊಯ್ಲಿನ ದಿನ ನಮ್ಮೂರು ಕಾವಾನೆಯಲ್ಲಿ ಯಾರೂ ಕೂತು ಉಣ್ಣುವುದಿಲ್ಲ. ನಾನು ಅನ್ನದ ಉಂಡೆ ಕಟ್ಟಿ ಡಬ್ಬಿಗೆ ತುಂಬುತ್ತಿದ್ದೆ. ಅಷ್ಟರಲ್ಲಿ ಶೆಡ್ಡಿನಿಂದ ನನ್ನ ಗಂಡ ತೊಕುಜಿಯ ಕೂಗು ಕೇಳಿಸಿತು.

"ಯಂತ್ರ ನಿಲ್ಸಿ! ಎಲೆ ಕೆಟ್ಟಿದೆಯಂತೆ!"

ಚಹಾ ಚಿಗುರನ್ನು ಹಬೆಯಲ್ಲಿ ಬೇಯಿಸುವಾಗ ಹಸಿ ವಾಸನೆ ಹೋಗಿ ಸಿಹಿ ಪರಿಮಳ ಏಳುವ ಗಳಿಗೆಯನ್ನು ಹಿಡಿಯಬೇಕು. ನಮ್ಮಲ್ಲಿ ಅದನ್ನು ಹಿಡಿಯುವುದು ಮಗಳು ಚಿತೊಸೆಯ ಮೂಗು. ಅವಳ ಮಾತಿಗೆ ಅವಳಪ್ಪನೂ ಎದುರಾಡುವುದಿಲ್ಲ.

ಓಡಿಹೋಗಿ ನೋಡಿದರೆ ಅವಳು ಮೂಗಿಗೆ ಟವೆಲು ಒತ್ತಿಕೊಂಡು ಬಾಗಿಲಲ್ಲಿ ಕುಕ್ಕರಿಸಿದ್ದಳು.

"ಕೊಳೆತ ವಾಸನೆ ಅಮ್ಮ. ಹೊಟ್ಟೆ ತೊಳಸ್ತಿದೆ."

"ನಂಗೇನೂ ಗೊತ್ತಾಗ್ತಿಲ್ಲ ಮಾವ," ಎಂದ ಮನೆಯಳಿಯ ರ್ಯೋಹೆ.

"ನಿಂಗೆ ಯಾವಾಗ ಗೊತ್ತಾಗಿದೆ? ನಿನ್ ಮೂಗಿರೋದು ಕನ್ನಡಕ ಇಡೋಕೆ!" ಎಂದು ತೊಕುಜಿ ರೇಗಿದರು.

ನಾನು ಒಂದು ಹಿಡಿ ಬಿಸಿ ಎಲೆ ಎತ್ತಿ ಮೂಸಿದೆ. ಘಮಘಮ! ಆಮೇಲೆ ಮಗಳ ಮುಖ ನೋಡಿದೆ.

ಮೂರು ವರ್ಷದಿಂದ ಅವಳೂ ರ್ಯೋಹೆಯೂ ಮಗುವಿಗಾಗಿ ಕಾದಿದ್ದರು. ಹಸಿರು ಚಹಾ ಗರ್ಭಕೋಶಕ್ಕೆ ಒಳ್ಳೆಯದೆಂದು ಯಾವುದೋ ಪತ್ರಿಕೆಯಲ್ಲಿ ಓದಿದಂದಿನಿಂದ ನಾನು ಅವಳಿಗೆ ಎರಡು ಹೊತ್ತೂ ಬಸಿದು ಕೊಡುತ್ತಿದ್ದೆ. "ಕುಡೀಲಿ, ಒಳ್ಳೇದಿರಬಹುದು. ಅದರಿಂದ್ಲೇ ಮಗು ಆಗುತ್ತೆ ಅಂತ ಮಾತ್ರ ಕೂರಬೇಡಿ," ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಆದರೂ ನಾನು ಕೆಟಲ್ ಕೆಳಗಿಟ್ಟಿರಲಿಲ್ಲ.

ಮೆಲ್ಲಗೆ ಕೇಳಿದೆ, "ಈ ತಿಂಗಳು ಮುಟ್ಟಾಯ್ತೇನೆ?"

"ಕೊಯ್ಲಿನ ಗಡಿಬಿಡೀಲಿ ನೆನಪೇ..." ಅವಳು ಬೆರಳು ಮಡಚಿ ಎಣಿಸಿದಳು. ಕಣ್ಣು ದೊಡ್ಡದಾಯಿತು.

"ಎಲೆ ಕೆಟ್ಟಿಲ್ಲ ರೀ, ಯಂತ್ರ ಹಾಕಿ!" ಎಂದೆ. "ರ್ಯೋಹೆ, ಇವಳನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗಪ್ಪ. ಮೆಲ್ಲಗೆ ಓಡ್ಸು."

"ಹಬೆ ಯಾರು ನೋಡ್ತಾರೆ?" ತೊಕುಜಿ ಕೇಳಿದರು.

"ನಾನಿಲ್ವಾ?"

ಕೈ ಎಲೆಯಲ್ಲಿತ್ತು, ಕಿವಿ ಫೋನಿನಲ್ಲಿತ್ತು. ಮಧ್ಯಾಹ್ನ ಅದು ಬಡಿದುಕೊಂಡಿತು.

"ಅಮ್ಮಾ! ಏಳು ವಾರ! ಸ್ಕ್ಯಾನಲ್ಲಿ ಪುಟ್ಟ ಹೃದಯ ಬಡ್ಕೊಳ್ಳೋದನ್ನ ಕಣ್ಣಾರೆ ನೋಡ್ದೆ! ರ್ಯೋಹೆ ಅಳ್ತಾ ಇದಾನೆ! ಹ್ಞಾಂ, ಇನ್ಮೇಲೆ ಚಹಾ ಕಮ್ಮಿ ಮಾಡ್ಬೇಕಂತೆ."

"ಕಮ್ಮಿ ಯಾಕೆ, ಬಿಟ್ಟೇ ಬಿಡು! ಬಾರ್ಲಿ ನೀರು ಕಾಯಿಸಿ ಕೊಡ್ತೀನಿ," ಎಂದು ನಗುತ್ತ, ಅಳುತ್ತ ನಿಂತೇ ಇದ್ದೆ.

"ಲೇ! ಎಲೆ ಬೆಂದು ಸೊಪ್ಪಿನ ಪಲ್ಯ ಆಗೋಯ್ತಲ್ಲೇ!" ತೊಕುಜಿ ಓಡಿಬಂದರು.

"ಏಳು ವಾರ ಅಂತೆ ರೀ."

ಅವರು ಯಂತ್ರ ನಿಲ್ಲಿಸಿದರು. ಟೋಪಿ ತೆಗೆದು, ಚಿಗುರಿನ ಬುಟ್ಟಿಯ ಮೇಲೇ ಕೂತುಬಿಟ್ಟರು.

"ಪಲ್ಯ ಆಗ್ಲಿ ಬಿಡು," ಎಂದರು. "ಇನ್ನೊಂದ್ಸಲ ಹೇಳು."