ಹದಿನಾಲ್ಕು ಟಿಟ್ಟಿಭಗಳು

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ದುಡಿಯುವ ಯಾವ ವಸ್ತುವನ್ನೂ ಕಪಾಟಿನೊಳಗೆ ಉಳಿಸುವ ಹಾಗಿಲ್ಲ. ಈಳಿಗೆ ಮಣೆ, ಕತ್ತರಿ, ಮಗಳು ಅಮಿತಾಳ ಲ್ಯಾಪ್‌ಟಾಪ್, ನನ್ನ ಕನ್ನಡಕದ ಡಬ್ಬಿ, ಗೀಸರ್ ರಿಪೇರಿಗೆ ಇಟ್ಟುಕೊಂಡ ಸ್ಪ್ಯಾನರ್, ಎಲ್ಲವೂ ಹೊರಗೆ ಬರಬೇಕು. ದೇವರ ಮುಂದೆ ಹಾಸಿದ ಬಿಳಿ ಪಂಚೆಯ ಮೇಲೆ ಕೂತು, ಗಂಧ ಕುಂಕುಮ ಇಡಿಸಿಕೊಂಡು, ಮರುದಿನ ವಿಜಯದಶಮಿಯ ಮಂಗಳಾರತಿ ಆಗುವವರೆಗೆ ಅಲುಗದೆ ಇರಬೇಕು. ಇದು ನನ್ನ ತಾಯಿಯ ಕಾಲದಿಂದ ಬಂದ ಕ್ರಮ. ದೆಹಲಿಯ ಕಿದ್ವಾಯಿ ನಗರದ ಈ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಾವು ಹಲವು ಪದ್ಧತಿಗಳನ್ನು ಸಡಿಲ ಬಿಟ್ಟಿದ್ದೇವೆ, ಇದೊಂದನ್ನು ಬಿಟ್ಟಿಲ್ಲ.

ಹಾಗಾಗಿ ಆ ಬೆಳಿಗ್ಗೆ ನನ್ನ ಹೆಂಡತಿ ದೇವಕಿ ದಿವಾನ್ ಮಂಚದ ಹಲಗೆ ಎತ್ತಿ, ಚಳಿಗಾಲಕ್ಕೆ ಹೊದೆಯುವ ರಜಾಯಿಗಳ ಅಡಿಯಿಂದ ತನ್ನ ಡಿಸ್ಕುಗಳನ್ನೆಲ್ಲ ತೆಗೆದಳು. ಒಟ್ಟು ಹದಿನಾಲ್ಕು.

ದೇವಕಿ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಐವತ್ತು ದಾಟುವವರೆಗೆ ಅವಳು ಯಾವ ಆಟವನ್ನೂ ಆಡಿದವಳಲ್ಲ. ಗ್ರೇಟರ್ ನೋಯ್ಡಾದ ಒಂದು ಕಾಲೇಜಿನ ಮೈದಾನದಲ್ಲಿ ಡಿಸ್ಕ್ ಗಾಲ್ಫ್ ಎಂಬುದನ್ನು ಶುರುಮಾಡಿದ್ದಾರೆ, ಹೆಂಗಸರಿಗೂ ಬೇರೆ ವಿಭಾಗವಿದೆ ಎಂದು ಆಫೀಸಿನಲ್ಲಿ ಯಾರೋ ಹೇಳಿದರು, ಹೋದಳು. ಗಾಲ್ಫಿನ ಹಾಗೆಯೇ ಆಟ. ಆದರೆ ಚೆಂಡು, ದಾಂಡು ಎರಡೂ ಇಲ್ಲ. ತಿಂಡಿ ತಟ್ಟೆಯಷ್ಟಗಲದ ಪ್ಲಾಸ್ಟಿಕ್ ಡಿಸ್ಕನ್ನು ಎಸೆದೆಸೆದು, ಕಂಬಕ್ಕೆ ಸರಪಳಿ ಇಳಿಬಿಟ್ಟ ಬುಟ್ಟಿಯೊಂದಕ್ಕೆ ಬೀಳಿಸಬೇಕು. ಯಾರು ಕಡಿಮೆ ಎಸೆತದಲ್ಲಿ ಎಲ್ಲ ಬುಟ್ಟಿಗಳನ್ನು ಮುಗಿಸುತ್ತಾರೋ ಅವರು ಗೆದ್ದಂತೆ. ಮೊದಲ ದಿನವೇ ಅವಳ ಕೈಯಿಂದ ಹೊರಟ ಡಿಸ್ಕು ಎರಡು ಬೇವಿನ ಮರಗಳ ನಡುವೆ ನೂಲು ಹಿಡಿದಂತೆ ಹೋಗಿ ಝಲ್ ಎಂದು ಬುಟ್ಟಿಗೆ ಬಿತ್ತು. ನಾನು ಕಾರಿನ ಪಕ್ಕ ನಿಂತಿದ್ದೆ. ಮೂವತ್ತು ವರ್ಷ ಜೊತೆಗಿದ್ದವಳ ಕೈಯಲ್ಲಿ ಇಂಥದೊಂದು ಇತ್ತೇ ಎಂದು ನನ್ನ ಎದೆ ಆ ದಿನ ಉಬ್ಬಿದ್ದು ಇನ್ನೂ ಪೂರ್ತಿ ಇಳಿದಿಲ್ಲ.

ಅವಳಿಗೆ ಒಗ್ಗಿದ ಡಿಸ್ಕಿನ ಹೆಸರು ಲ್ಯಾಪ್‌ವಿಂಗ್. ನಮ್ಮ ಟಿಟ್ಟಿಭ ಹಕ್ಕಿ. ಅದರ ಚಿತ್ರ ಮೇಲೆಯೇ ಅಚ್ಚಾಗಿದೆ. ಬೇರೆ ಯಾವುದನ್ನು ಕೊಟ್ಟರೂ ಅವಳ ಕೈ ಒಲ್ಲೆ ಅನ್ನುತ್ತದೆ. ಅದನ್ನು ತಯಾರಿಸುವ ಹೊರದೇಶದ ಕಂಪನಿ ಟಿಟ್ಟಿಭದ ಅಚ್ಚನ್ನು ನಿಲ್ಲಿಸುತ್ತದೆ ಎಂಬ ಸುದ್ದಿ ಬಂದ ದಿನದಿಂದ ಇವಳ ಸಂಗ್ರಹ ಶುರುವಾಯಿತು. ಚಾಣಕ್ಯಪುರಿಯ ರಾಯಭಾರ ಕಚೇರಿಗಳಿಂದ ಆಟಕ್ಕೆ ಬರುತ್ತಿದ್ದವರು ರಜೆಗೆ ಊರಿಗೆ ಹೊರಟರೆ, "ನನಗೆ ಚಾಕಲೇಟ್ ಬೇಡ, ಲ್ಯಾಪ್‌ವಿಂಗ್ ಸಿಕ್ಕರೆ ತನ್ನಿ" ಎನ್ನುವಳು. ಹಾಗೆ ಒಂದೊಂದಾಗಿ ಬಂದು ರಜಾಯಿಗಳ ಕೆಳಗೆ ಸೇರಿದವು.

ಹೊಸ ಟಿಟ್ಟಿಭವನ್ನು ಎಸೆದರೆ ಅದು ಕೊನೆಗೆ ಎಡಕ್ಕೆ ವಾಲಿ ಬೀಳುತ್ತದೆ. ಮರಕ್ಕೆ ತಾಗಿ, ನೆಲಕ್ಕೆ ಉಜ್ಜಿ, ಅಂಚು ನಯವಾದ ಮೇಲಷ್ಟೇ ಅದು ನೇರ ಹಾರುವುದು. ಅದಕ್ಕೆ ಎರಡು ಮೂರು ವರ್ಷ ಬೇಕು. ಇದನ್ನು ದೇವಕಿ ನನಗೆ ವಿವರಿಸಿದಾಗ ಬೇಗ ಅರ್ಥವಾಯಿತು. ನಾನು ಚಿಕ್ಕಂದಿನಲ್ಲಿ ದೇವಸ್ಥಾನದ ಜಗಲಿಯಲ್ಲಿ ಕಾವ್ಯವಾಚನ ಕೇಳುತ್ತ ಬೆಳೆದವನು. ಅದೇ ಪದ್ಯ, ಅದೇ ರಾಗ. ಆದರೂ ಹತ್ತು ಮಳೆಗಾಲ ವಾಚನ ಮಾಡಿದ ಕಂಠದಲ್ಲಿ ಅದು ಹೋಗಿ ಕೂರುವ ಜಾಗವೇ ಬೇರೆ. ಇವಳು ಆಡುವ ಹಳೆಯ ಕಿತ್ತಳೆ ಬಣ್ಣದ ಡಿಸ್ಕಿಗೆ ಪಟ್ಟದಾನೆಯ ಹಾಗೆ 'ಪಟ್ಟದ್ದು' ಎಂದು ಹೆಸರು. ಅದು ಸವೆದರೆ ಅದರ ಜಾಗಕ್ಕೆ ಬರಲೆಂದು ಎರಡು ವರ್ಷದಿಂದ ಕಿದ್ವಾಯಿ ನಗರದ ಪಾರ್ಕಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಎಸೆದು ಹದ ಮಾಡಿಟ್ಟ ನೀಲಿಯದು 'ಯುವರಾಜ'. ಉಳಿದ ಹನ್ನೆರಡು ಇನ್ನೂ ನೆಲ ಮುಟ್ಟದ ಹೊಸವು.

ಈ ವಿಷಯ ಮನೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಮುಖ್ಯವಾಗಿ ದೇಚಮ್ಮನಿಗೆ ಗೊತ್ತಿರಲಿಲ್ಲ.

ದೇಚಮ್ಮ ಕೊಡಗಿನವಳು, ನಿವೃತ್ತ ಕರ್ನಲ್ ಕಾವೇರಪ್ಪನವರ ಹೆಂಡತಿ, ಗ್ರೇಟರ್ ನೋಯ್ಡಾದಲ್ಲೇ ಮನೆ. ಅವಳೂ ಟಿಟ್ಟಿಭದಲ್ಲೇ ಆಡುವವಳು. ದಸರಾ ಕಳೆದ ಭಾನುವಾರ ನಡೆಯುವ ಪಂದ್ಯದಲ್ಲಿ ಐವತ್ತು ದಾಟಿದ ಹೆಂಗಸರ ಬಹುಮಾನದ ಕಪ್ಪು ಇದುವರೆಗೆ ಪ್ರತಿ ವರ್ಷ ಅವಳಿಗೇ ಹೋಗಿದೆ. ದೇವಕಿಗೆ ಪ್ರತಿ ವರ್ಷ ಎರಡನೆಯ ಸ್ಥಾನ. ಇಬ್ಬರೂ ಜೀವದ ಗೆಳತಿಯರು, ಆದರೆ ಆ ಕಪ್ಪಿನ ಮಾತು ಬಂದಾಗ ಇಬ್ಬರ ದನಿಯೂ ಒಂದು ಸುತ್ತು ಗಟ್ಟಿಯಾಗುತ್ತದೆ.

ಈ ಜುಲೈ ಮಳೆಯಲ್ಲಿ ದೇಚಮ್ಮನ ಡಿಸ್ಕು ಮೈದಾನದ ಅಂಚಿನ ಕೆರೆಗೆ ಬಿತ್ತು. ಕಾವೇರಪ್ಪನವರು ಪ್ಯಾಂಟ್ ಮಡಚಿ ಇಳಿದು ಹುಡುಕಿದರೂ ಸಿಗಲಿಲ್ಲ. ದೇಚಮ್ಮ ಕೈ ಒರೆಸಿಕೊಳ್ಳುತ್ತ ಬಂದು ಕೇಳಿದಳು, "ದೇವಕಿ, ನಿನ್ನ ಹತ್ರ ಎಕ್ಸ್‌ಟ್ರಾ ಇದೆಯೇನೇ? ಈಗ ಎಲ್ಲೂ ಸಿಗ್ತಿಲ್ಲವಂತೆ."

"ಇಲ್ಲ ಕಣೇ. ಇರೋದೊಂದೇ," ಎಂದಳು ದೇವಕಿ.

ನಾನು ಥರ್ಮಾಸಿನ ಮುಚ್ಚಳ ತಿರುಗಿಸುತ್ತಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ. ಅಂದಿನಿಂದ ದೇಚಮ್ಮ ಯಾವುದೋ ಬೇರೆ ಡಿಸ್ಕಿನಲ್ಲಿ ಆಡಿ, ವಾರವಾರವೂ ಸೋಲುತ್ತಿದ್ದಳು. ಈ ಸಲದ ಕಪ್ಪು ನಮ್ಮ ಮನೆಗೆ ಬರುವುದು ಖಚಿತ ಎಂದು ಅಮಿತಾ ಟಿವಿಯ ಪಕ್ಕದಲ್ಲಿ ಜಾಗ ಕೂಡ ಖಾಲಿ ಮಾಡಿಟ್ಟಿದ್ದಳು.

ಪೂಜೆ ಮುಗಿಯಿತು. ಹದಿನಾಲ್ಕು ಡಿಸ್ಕುಗಳೂ ಹಣೆಗೆ ಕುಂಕುಮ ಇಟ್ಟುಕೊಂಡು, ಒಂದೊಂದು ಸೇವಂತಿಗೆ ಹೂ ಹೊತ್ತು, ಸಾಲಾಗಿ ಕೂತವು. ದೇವಕಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವುಗಳನ್ನು ನೋಡುತ್ತ ನಿಂತಳು. ಮದುವೆಗೆ ಬಂದ ಬೀಗರ ಮುಂದೆ ಮನೆಯವರೆಲ್ಲ ಕೂತಾಗ ಯಜಮಾನಿ ನೋಡುತ್ತಾಳಲ್ಲ, ಹಾಗೆ.

ಅಷ್ಟರಲ್ಲಿ ಫೋನ್ ಬಂತು. ಶುಕ್ರವಾರ ಅರಿಸಿನ ಕುಂಕುಮಕ್ಕೆ ಬರಬೇಕಿದ್ದ ದೇಚಮ್ಮ, ದೆಹಲಿಯಲ್ಲೇ ಏನೋ ಕೆಲಸವಿತ್ತೆಂದು ಇವತ್ತೇ ಬರುತ್ತಿದ್ದಳು. ಆಗಲೇ ರಿಂಗ್ ರೋಡಿನಲ್ಲಿದ್ದಳು.

ದೇವಕಿ ಫೋನ್ ಇಟ್ಟು ಪಂಚೆಯ ಮೇಲಿನ ಸಾಲಿನ ಕಡೆ ತಿರುಗಿದಳು.

"ಅಮ್ಮ, ಸಿಂಪಲ್ ಹೈ," ಎಂದಳು ಅಮಿತಾ. "ಎಲ್ಲಾ ತೆಗೆದು ದಿವಾನ್‌ನಲ್ಲಿ ಹಾಕು. ಪಾಂಚ್ ಮಿನಟ್."

"ನಾಳೆವರೆಗೆ ಅಲುಗಿಸೋ ಹಾಗಿಲ್ಲ."

"ಅಚ್ಛಾ, ಒಂದು ಬೆಡ್‌ಶೀಟ್ ಮುಚ್ಚೋಣ."

"ದೇವರ ಮುಂದೆ ಕೂರಿಸಿದ್ದಕ್ಕೆ ಮುಸುಕು ಹಾಕ್ತಾರೇನೇ? ಹೆಣಾನಾ ಅದು?"

"ಹಾಗಾದ್ರೆ ಆಂಟಿನ ಬಾಲ್ಕನೀಲೇ ಕೂರ್ಸು."

"ಕುಂಕುಮಕ್ಕೆ ಬಂದವಳನ್ನ ದೇವರ ಮುಂದೆ ಕೂರಿಸದೆ ಕಳಿಸಲಾ?" ದೇವಕಿ ನನ್ನ ಕಡೆ ತಿರುಗಿದಳು. "ನೀವೊಂದು ಮಾತಾಡಿ."

ಎಲ್ಲ ದಾರಿಗಳನ್ನೂ ಅವಳೇ ಮುಚ್ಚಿಯಾಗಿತ್ತು. "ಕಾಫಿಗೆ ಹಾಲು ಇದೆಯಾ ನೋಡ್ತೀನಿ," ಎಂದೆ.

ದೇಚಮ್ಮ ಒಳಗೆ ಬಂದಳು. ಹಿಂದೆ ಕಾವೇರಪ್ಪನವರು ಸಿಹಿಯ ಡಬ್ಬಿ ಹಿಡಿದು ಬಂದರು. ಕೊಡಗಿನವರಿಗೆ ಆಯುಧದ ಪೂಜೆ ಹೊಸತಲ್ಲ. ಅವಳು ಚಪ್ಪಲಿ ಬಿಟ್ಟು ನೇರ ದೇವರ ಮುಂದೆ ಹೋಗಿ, ಕೈಮುಗಿದು, ಕಣ್ಣು ಬಿಟ್ಟಳು. ಬಿಟ್ಟ ಕಣ್ಣು ಬಿಳಿ ಪಂಚೆಯ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹೋಯಿತು.

"ದೇವಕಿ," ಎಂದಳು, "ನಿನ್ನ ಹತ್ರ ಇದ್ದ ಆ ಒಂದು ಬಹಳ ಮರಿ ಹಾಕಿದೆ."

ಕಾವೇರಪ್ಪನವರು ಬಗ್ಗಿ ನೋಡಿ, ನನ್ನ ಕಡೆ ತಿರುಗಿ, "ಅಶ್ವತ್ಥ್ ಅವರೇ, ಇದು ಅಮ್ಯುನಿಷನ್ ಡಿಪೋ. ನಮ್ಮ ಯೂನಿಟ್ಟಿನಲ್ಲೂ ಇಷ್ಟು ಸ್ಟಾಕ್ ಇರ್ತಿರಲಿಲ್ಲ," ಎಂದರು. ಹೆಂಡತಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ದೇವಕಿ ತಟ್ಟೆ ತಂದಳು. ಗೆಳತಿಯ ಕೆನ್ನೆಗೆ ಅರಿಸಿನ, ಹಣೆಗೆ ಕುಂಕುಮ ಇಟ್ಟಳು. "ಅಚ್ಚು ನಿಲ್ಲಿಸ್ತಾರೆ ಅಂದ್ರು. ಅದಕ್ಕೆ ಕೂಡಿಟ್ಟೆ," ಎಂದಳು. ತಪ್ಪಾಯಿತು ಎನ್ನಲಿಲ್ಲ.

"ಒಳ್ಳೇದು ಮಾಡಿದೆ."

"ಇವತ್ತು ತೆಗೆಯೋ ಹಾಗಿಲ್ಲ."

"ನಾನೆಲ್ಲಿ ಕೇಳಿದೆ?"

"ಕೇಳಿದ್ದೆ. ಜುಲೈನಲ್ಲಿ."

"ಆಗ ಕೇಳಿದ್ದೆ," ಎಂದಳು ದೇಚಮ್ಮ. "ಈಗ ಕೇಳ್ತಿಲ್ಲ." ತಾಂಬೂಲವನ್ನು ಸೆರಗಿನಲ್ಲಿ ತೆಗೆದುಕೊಂಡು, ಕಾಫಿ ಪೂರ್ತಿ ಕುಡಿದು, ಅಮಿತಾಳ ಕೆಲಸದ ಬಗ್ಗೆ ವಿಚಾರಿಸಿ ಹೊರಟಳು. ಜಗಳವಾಡಿದ್ದರೆ ಮನೆಯ ಗಾಳಿ ಇಷ್ಟು ಬಿಗಿಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ನಾನು ಎಂದಿನಂತೆ ಫೋನಿನಲ್ಲಿ ವಾಚನ ಹಚ್ಚಿಕೊಂಡು ಹೂ ಕಟ್ಟುತ್ತಿದ್ದೆ. ದೇವಕಿ ಡಿಸ್ಕುಗಳ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು. ಮಂಗಳಾರತಿ ಆಯಿತು. ಇನ್ನು ತೆಗೆಯಬಹುದಿತ್ತು.

"ದೇಚಮ್ಮನಿಗೆ ಒಂದು ಕೊಡ್ತೀನಿ," ಎಂದಳು.

"ಕೊಡು," ಎಂದೆ.

ಹೊಸ ಹನ್ನೆರಡರಲ್ಲಿ ಒಂದನ್ನು ಕೊಡುತ್ತಾಳೆ ಎಂದುಕೊಂಡಿದ್ದೆ. ಕೊಟ್ಟರೆ ಗೆಳೆತನ ಉಳಿಯುತ್ತದೆ. ಹೊಸದು ಭಾನುವಾರದ ಹೊತ್ತಿಗೆ ಹದವಾಗುವುದಿಲ್ಲವಾದ್ದರಿಂದ ಕಪ್ಪೂ ಉಳಿಯುತ್ತದೆ. ಯಾರೂ ಏನೂ ಅನ್ನುವಂತಿರಲಿಲ್ಲ. ಅವಳ ಕೈ ಹೊಸದೊಂದರ ಮೇಲೆ ಹೋಯಿತು ಕೂಡ. ಅದರ ಹೂ ತೆಗೆದಳು. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಮತ್ತೆ ಹೂವಿಟ್ಟು ಅಲ್ಲೇ ಕೂರಿಸಿ, ನೀಲಿಯದನ್ನು ಎತ್ತಿಕೊಂಡಳು.

"ಅದು ಯುವರಾಜ," ಎಂದೆ.

"ಗೊತ್ತು. ನಾನೇ ಇಟ್ಟ ಹೆಸರು."

ಅಮಿತಾ ಹಲ್ಲುಜ್ಜುತ್ತಲೇ ಬಂದು ನೋಡಿದಳು. "ಅಮ್ಮ, ಪಾಗಲ್ ಹೋ ಕ್ಯಾ? ಅದನ್ನ ಕೊಟ್ರೆ ಆಂಟಿ ಗೆದ್ದು ಬಿಡ್ತಾರೆ."

"ಗೆಲ್ಲಲಿ, ಅಥವಾ ಸೋಲಲಿ. ಕೈಯಲ್ಲಿ ಸರಿಯಾದ್ದು ಹಿಡ್ಕೊಂಡು ಆಡಲಿ." ಒದ್ದೆ ಬಟ್ಟೆಯಲ್ಲಿ ಕುಂಕುಮ ಒರೆಸುತ್ತ ಹೇಳಿದಳು, "ನಾನು ಎರಡನೇದಾಗಿ ಇಷ್ಟು ವರ್ಷ ನಿಂತಿದ್ದು ಅವಳ ಪಕ್ಕದಲ್ಲಿ ಕಣೇ, ಕುಂಟೋರ ಪಕ್ಕದಲ್ಲಿ ಅಲ್ಲ."

ಆ ಮಾತು ಕೇಳಿ ನಾನು ಫೋನಿನ ವಾಚನ ನಿಲ್ಲಿಸಿದೆ. ಕಾರಿನ ಕೀ ತೆಗೆದುಕೊಂಡೆ. ಗ್ರೇಟರ್ ನೋಯ್ಡಾದವರೆಗೂ ಅವಳು ನೀಲಿ ಡಿಸ್ಕನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ದೇಚಮ್ಮ ಬಾಗಿಲು ತೆರೆದವಳು ಅದನ್ನು ತಿರುವಿ ನೋಡಿದಳು. ಸವೆದ ಅಂಚು ಬೆರಳಿಗೆ ಸಿಕ್ಕಿದಾಗ ತಲೆಯೆತ್ತಿ, "ಇದು ಹಳೇದು," ಎಂದಳು.

"ಹೊಸದು ನಿನಗ್ಯಾಕೆ? ಎಡಕ್ಕೆ ಬೀಳತ್ತೆ."

ದೇಚಮ್ಮ ಇನ್ನೊಮ್ಮೆ ಆ ಅಂಚಿನ ಮೇಲೆ ಬೆರಳಾಡಿಸಿದಳು. ಆಮೇಲೆ, "ಒಳಗೆ ಬಾ. ಕಡುಬು ಮಾಡಿದೀನಿ," ಎಂದಳು.

ಭಾನುವಾರ ಮೈದಾನದಲ್ಲಿ ಬಿಸಿಲು ಹಿತವಾಗಿತ್ತು. ಮೊದಲ ಬುಟ್ಟಿಯಿಂದಲೇ ಇಬ್ಬರೂ ಸಮಸಮ. ಒಂದರಲ್ಲಿ ಇವಳು ಮುಂದೆ, ಮುಂದಿನದರಲ್ಲಿ ಅವಳು. ಉಳಿದ ಹೆಂಗಸರು ತಮ್ಮ ಆಟ ಮುಗಿಸಿ ಬಂದು ಇವರ ಹಿಂದೆ ನಡೆಯತೊಡಗಿದರು. ಕೊನೆಯ ಬುಟ್ಟಿಗೆ ಬಂದಾಗಲೂ ಎಸೆತಗಳು ಸಮ. ಬೇವಿನ ಮರಗಳ ಆಚೆಯಿಂದ ದೇಚಮ್ಮ ಎಸೆಯಬೇಕಿತ್ತು. ದೂರ ಬಹಳ. ಅವಳು ಕಾಲು ಊರಿದಳು, ನೀಲಿ ಡಿಸ್ಕು ಹೊರಟಿತು. ಎರಡು ಬೇವಿನ ನಡುವೆ ಎಡಕ್ಕೂ ವಾಲದೆ ಬಲಕ್ಕೂ ಸರಿಯದೆ ಹೋಯಿತು. ಝಲ್.

ಮೊದಲು ಚಪ್ಪಾಳೆ ತಟ್ಟಿದವಳು ದೇವಕಿ. ಪಕ್ಕದಲ್ಲಿದ್ದ ಪಂಜಾಬಿ ಹೆಂಗಸಿಗೆ, "ದೇಖಾ? ವೋ ಮೇರಾ ಹೈ. ದೋ ಸಾಲ್ ಮೈನೇ ತಯ್ಯಾರ್ ಕಿಯಾ," ಎಂದು, ಎರಡು ವರ್ಷ ತಾನೇ ಹದ ಮಾಡಿದ್ದೆಂದು ಹೇಳಿಕೊಂಡು, ಆಮೇಲೆ ತನ್ನ ಸರದಿ ನೆನಪಾಗಿ ಪಟ್ಟದ್ದನ್ನು ಹಿಡಿದು ನಿಂತಳು. ಅವಳ ಎಸೆತವೂ ನೇರವೇ ಹೋಯಿತು. ಸರಪಳಿಗೆ ತಾಗಿತು. ಆದರೆ ಬುಟ್ಟಿಯ ಅಂಚಿಗೆ ಬಡಿದು ಹುಲ್ಲಿನ ಮೇಲೆ ಬಿತ್ತು.

ಒಂದೇ ಎಸೆತದ ಅಂತರ. ಕಪ್ಪು ಮತ್ತೆ ದೇಚಮ್ಮನ ಕೈಗೆ ಹೋಯಿತು.

ಫೋಟೋ ಎಲ್ಲ ಮುಗಿದ ಮೇಲೆ ಅವಳು ನಮ್ಮ ಕಾರಿನ ಹತ್ತಿರ ಬಂದಳು. ಒಂದು ಕಂಕುಳಲ್ಲಿ ಕಪ್ಪು, ಕೈಯಲ್ಲಿ ನೀಲಿ ಡಿಸ್ಕು. "ತಗೋ," ಎಂದು ಡಿಸ್ಕನ್ನು ಚಾಚಿದಳು. "ಆಟ ಆಯ್ತಲ್ಲ."

"ಕೊಟ್ಟದ್ದು ಕೊಟ್ಟಾಯ್ತು. ಇನ್ನು ಕೆರೆಗೆ ಹಾಕ್ಬೇಡ, ಅಷ್ಟೇ."

"ನೀನು ಹೊಸದನ್ನ ಕೊಟ್ಟಿದ್ರೆ ಈ ಕಪ್ ನಿನ್ನ ಮನೇಲಿರ್ತಿತ್ತು ದೇವಕಿ. ನನಗೂ ಬೇಜಾರಿರ್ತಿರಲಿಲ್ಲ."

"ಹೊಸದನ್ನ ಕೊಟ್ಟಿದ್ರೆ ಗೆಲ್ತಿದ್ದೋಳು ನಾನಲ್ಲ," ಎಂದಳು ದೇವಕಿ. "ಆ ಕೆರೆ ಗೆಲ್ತಿತ್ತು."

ಕಾವೇರಪ್ಪನವರು ಜೋರಾಗಿ ನಕ್ಕರು. ದೇಚಮ್ಮ ನಗಲಿಲ್ಲ, ದೇವಕಿಯ ತೋಳನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟು ಹೋದಳು.

ನಾನು ಕಾರು ಶುರು ಮಾಡಿದೆ. ಹಿಂದಿನ ಬಾಗಿಲು ತೆರೆದ ಸದ್ದಾಯಿತು. ತಿರುಗಿ ನೋಡಿದರೆ ದೇವಕಿ ಚೀಲದಿಂದ ಹೊಚ್ಚ ಹೊಸ ಹಳದಿ ಟಿಟ್ಟಿಭವೊಂದನ್ನು ತೆಗೆಯುತ್ತಿದ್ದಳು. ಅದನ್ನು ಬೆಳಿಗ್ಗೆಯೇ ತಂದಿದ್ದಳೆಂದು ನನಗೆ ಗೊತ್ತಿರಲಿಲ್ಲ.

"ಟ್ರಾಫಿಕ್ ಶುರುವಾಗತ್ತೆ," ಎಂದೆ.

"ಆಗಲಿ. ಮುಂದಿನದಕ್ಕೆ ಒಂದು ತಯಾರಾಗಬೇಕಲ್ಲ."

ಖಾಲಿಯಾಗುತ್ತಿದ್ದ ಮೈದಾನದ ನಡುವೆ ನಡೆದು ಮೊದಲ ಬುಟ್ಟಿಗೆ ಎದುರಾಗಿ ನಿಂತಳು. ಬೆನ್ನು ನೆಟ್ಟಗಿತ್ತು. ಎಸೆದಳು. ಹಳದಿ ಡಿಸ್ಕು ಚೆನ್ನಾಗಿ ಹೋದಂತೆ ಹೋಗಿ, ಕೊನೆಗೆ ಎಡಕ್ಕೆ ವಾಲಿ, ಹುಲ್ಲಿನಲ್ಲಿ ಉಜ್ಜಿಕೊಂಡು ನಿಂತಿತು. ಅವಳು ಅದನ್ನು ತರಲು ನಡೆದಳು, ಅವಸರವಿಲ್ಲದೆ. ನಾನು ಇಂಜಿನ್ ಆಫ್ ಮಾಡಿ, ಕಿಟಕಿ ಇಳಿಸಿ, ಸರಪಳಿಯ ಸದ್ದಿಗೆ ಕಿವಿಗೊಟ್ಟು ಕೂತೆ.