ಬಿಡುಗಡೆ ಪುಸ್ತಕದ ಹವಾಲ್ದಾರ

ಕಂದು ಬಣ್ಣದ ಲಕೋಟೆ, ಮೇಲೆ ಸೈನ್ಯದ ದಾಖಲೆ ಕಚೇರಿಯ ಮೊಹರು. ನೋಡಿದ್ದೇ ತಡ, ನಮ್ಮ ಹವಾಲ್ದಾರರ ಎದೆ ಧಸಕ್ಕೆಂದಿತು. ಇವತ್ತು ಬಂದೀತು, ನಾಳೆ ಬಂದೀತು ಎಂದು ಮೂವತ್ತು ವರ್ಷ ಹೆದರಿ ಹೆದರಿ, ಇನ್ನು ಬರಲಿಕ್ಕಿಲ್ಲ ಬಿಡು ಎಂದು ಮನುಷ್ಯ ಹೋದ ವರ್ಷದಿಂದಷ್ಟೇ ನೆಟ್ಟಗೆ ನಿದ್ದೆ ಮಾಡತೊಡಗಿದ್ದರು. ಹಾಳಾದ್ದು, ಈಗ ಬಂತು.

ಅವರು ಕೈ ಚಾಚುವಷ್ಟರಲ್ಲಿ ಹೆಂಡತಿ ಲಕೋಟೆ ಹರಿದು, ಕನ್ನಡಕ ಏರಿಸಿಕೊಂಡು, ಪಕ್ಕದ ಮನೆಗೂ ಕೇಳುವ ಹಾಗೆ ಓದಿದರು. ಇವರ ತುಕಡಿಯಲ್ಲಿದ್ದ ಒಬ್ಬರು ಅರ್ಜಿ ಹಾಕಿದ್ದಾರೆ. ತಾನು ಹವಾಲ್ದಾರನಾಗಿದ್ದರೂ ಸೈನ್ಯ ಬಿಟ್ಟಾಗ ಕೊಟ್ಟ ಬಿಡುಗಡೆ ಪುಸ್ತಕದಲ್ಲಿ ಸಿಪಾಯಿ ಎಂದು ಬರೆದಿದೆ, ತಿದ್ದಿಕೊಡಿ ಎಂದು ಕೇಳಿದ್ದಾರೆ. ಸಾಕ್ಷಿಯೆಂದು ಇವರನ್ನು ಸೂಚಿಸಿದ್ದಾರೆ. ಹದಿನೆಂಟನೇ ತಾರೀಕು ಬೆಳಿಗ್ಗೆ ಹತ್ತೂವರೆಗೆ ತಮ್ಮ ಪುಸ್ತಕದೊಂದಿಗೆ ಹಾಜರಾಗತಕ್ಕದ್ದು.

"ರೀ, ಸಾಕ್ಷಿಗೆ ಕರೆದಿದಾರೆ ನಿಮ್ಮನ್ನ!" ಹೆಂಡತಿಯ ಮುಖ ಅರಳಿತು. "ಪಾಪ, ಯಾವನೋ ಗುಮಾಸ್ತ ಮಾಡಿದ ತಪ್ಪಿಗೆ ಆ ಮನುಷ್ಯ ಇಷ್ಟು ವರ್ಷ ಅಲೆದಿದಾನಲ್ಲ. ಹೋಗಿ ಹೇಳಿ ಬನ್ನಿ."

"ನಂಗೆ ಮಂಡಿ ನೋವು ಕಣೇ."

"ನಿನ್ನೆ ನೀರಿನ ಟ್ಯಾಂಕ್ ಹತ್ತಿದ್ರಲ್ಲ, ಆಗೆಲ್ಲಿಗೆ ಹೋಗಿತ್ತು ನಿಮ್ಮ ಮಂಡಿ?"

ಅರ್ಜಿ ಹಾಕಿದವನು ಯಾರೆಂದು ಇವರಿಗೆ ಹೆಸರು ಓದದೆಯೂ ಗೊತ್ತಿತ್ತು. ಉದ್ದ ಕಾಲು, ಉದ್ದ ಕುತ್ತಿಗೆ. ತುಕಡಿಯವರೆಲ್ಲ ಬೆನ್ನ ಹಿಂದೆ ಅವನನ್ನು ಕೊಕ್ಕರೆ ಎನ್ನುತ್ತಿದ್ದರು. ಇವರು ಗಿಡ್ಡ, ಆದ್ದರಿಂದ ಪುಟಾಣಿ. ಕೊಕ್ಕರೆ ತುಕಡಿಯ ಹವಾಲ್ದಾರ. ಪುಟಾಣಿ ಸಿಪಾಯಿ.

ಹೌದು, ಸಿಪಾಯಿಯೇ. ಮುಚ್ಚುಮರೆ ಏಕೆ?

ಬಿಡುಗಡೆಯ ದಿನ ಅಂಗಳದಲ್ಲಿ ಎರಡು ಮೇಜು ಹಾಕಿದ್ದರು. ಮೊದಲ ಗುಮಾಸ್ತ ಹೆಸರು, ನಂಬರು ಕೇಳಿ ಪುಸ್ತಕದಲ್ಲಿ ಬರೆದು ಪಕ್ಕಕ್ಕೆ ತಳ್ಳುತ್ತಿದ್ದ. ಎರಡನೆಯವನಿಗೆ ತಲೆಯೆತ್ತುವ ಪುರುಸೊತ್ತಿಲ್ಲ. ಪಟ್ಟಿಯಲ್ಲಿದ್ದ ಸರದಿಯ ಪ್ರಕಾರ ದರ್ಜೆ ತುಂಬಿ ಮೊಹರು ಹೊಡೆಯುತ್ತಿದ್ದ. ಸರದಿ ತಪ್ಪಬೇಡಿ ಎಂದು ಬೆಳಿಗ್ಗೆಯೇ ಕೂಗಿ ಹೇಳಿದ್ದರು. ಮುಂದೆ ಕೊಕ್ಕರೆ, ಹಿಂದೆ ಪುಟಾಣಿ. ಬಿಸಿಲು ಚುರ್ ಎನ್ನುತ್ತಿತ್ತು. "ನೀರು ಕುಡಿದು ಬರ್ತೀನಿ, ನನ್ನ ಜಾಗ ನೋಡ್ಕೋ" ಎಂದು ಕೊಕ್ಕರೆ ನಲ್ಲಿಯ ಹತ್ತಿರ ಹೋದ. ಸಾಲು ಮುಂದೆ ಸರಿಯಿತು. ಪುಟಾಣಿ ಸರಿದು ಅವನ ಜಾಗದಲ್ಲಿ ನಿಂತ. ಕೊಕ್ಕರೆ ಬಾಯಿ ಒರೆಸಿಕೊಳ್ಳುತ್ತ ಬಂದು ಹಿಂದೆ ಸೇರಿಕೊಂಡ. ಆಗಿದ್ದಿಷ್ಟೇ.

ರೈಲಿನಲ್ಲಿ ಪುಸ್ತಕ ತೆರೆದಾಗ ಪುಟಾಣಿಯ ಕಣ್ಣಿಗೆ ತನ್ನ ಹೆಸರಿನ ಮುಂದೆ 'ಹವಾಲ್ದಾರ್' ಕಂಡಿತು. ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸು ಹೋಗಿ ಹೇಳಬೇಕಿತ್ತು. ನಿಲ್ದಾಣ ಬಂತು, ಹೋಯಿತು. ಆಮೇಲೆ ಹಳೆಯ ಪಟ್ಟಿಗಳು ಗೋದಾಮಿನಲ್ಲಿ ನೀರು ನುಗ್ಗಿ ಕೊಳೆತುಹೋದವಂತೆ. ಪುಸ್ತಕದಲ್ಲಿ ಬರೆದದ್ದೇ ದಾಖಲೆಯಾಯಿತು. ಪಿಂಚಣಿ ಅದರಂತೆ ಬಂತು, ಹೆಣ್ಣು ಅದರಂತೆ ಸಿಕ್ಕಿತು, ಬಾಗಿಲ ಮೇಲೆ ಹಿತ್ತಾಳೆಯ ಫಲಕವೂ ಅದರಂತೆಯೇ ಬಂತು.

ಹದಿನೆಂಟಕ್ಕೆ ಒಂಬತ್ತು ದಿನ ಇತ್ತು. ಬಾಗಿಲು ಬಡಿದರೆ ಪೊಲೀಸು, ಫೋನು ಬಂದರೆ ಪೊಲೀಸು. ಒಮ್ಮೆ ಟ್ರಂಕಿನಿಂದ ಪುಸ್ತಕ ತೆಗೆದು ಒಲೆಯವರೆಗೂ ಹೋದರು. ಹೆಂಡತಿ ಹಿಂದಿನಿಂದ ಬಂದು, "ಅಯ್ಯೋ, ಮಸಿ ಆಗುತ್ತೆ, ಕೊಡಿ ಇಲ್ಲಿ" ಎಂದು ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಕೊಟ್ಟರು. ಅಷ್ಟರಲ್ಲಿ ವಿಷಯ ಬೀದಿಗೆಲ್ಲ ಹರಡಿತ್ತು. "ಹವಾಲ್ದಾರ್ರೇ, ನಿಮ್ಮ ಒಂದು ಮಾತು ಸಾಕು ಬಿಡಿ, ಆ ಮನುಷ್ಯನ ಕೆಲಸ ಆದಂಗೇ" ಎಂದ ಕ್ಷೌರಿಕ, ಕತ್ತಿಯನ್ನು ಅವರ ಗಂಟಲ ಮೇಲಿಟ್ಟುಕೊಂಡು. ಅವರು ಉಗುಳನ್ನೂ ನುಂಗಲಿಲ್ಲ.

ಕೊನೆಗೆ ಒಂದು ಉಪಾಯ ಹೊಳೆಯಿತು. 'ನನಗೆ ಜ್ಞಾಪಕ ಇಲ್ಲ.' ವಯಸ್ಸಾಗಿದೆ, ಯಾರು ತಪ್ಪು ತಿಳಿಯುತ್ತಾರೆ? ಬಸ್ಸಿನಲ್ಲಿ ಉದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದರು.

ಕಚೇರಿಯ ಪಡಸಾಲೆಯಲ್ಲಿ ಗೋಡೆಗೊರಗಿಸಿದ ಬೆಂಚು. ಅದರ ತುದಿಯಲ್ಲಿ, ಎರಡೂ ಮಂಡಿ ಎದೆಯ ಮಟ್ಟಕ್ಕೆ ಬರುವಂತೆ ಕುಳಿತಿದ್ದವನು ಅವನೇ. ಸವೆದ ಕಾಲರನ್ನು ಮಗುಚಿ ಹೊಲಿಸಿದ ಅಂಗಿ, ತೊಡೆಯ ಮೇಲೆ ಕಾಗದದ ಕಟ್ಟು.

"ಪುಟಾಣೀ! ಬಂದ್ಯೇನೋ!" ಕೊಕ್ಕರೆ ಬಾಚಿ ತಬ್ಬಿಕೊಂಡ. "ನೀನು ಬದುಕಿದೀಯಾ ಅಂತ ಗೊತ್ತಾದ ದಿನವೇ ಗೆದ್ದೆ ಅಂದ್ಕೊಂಡೆ. ನನ್ನ ತೋಳಿನ ಮೇಲಿನ ಹವಾಲ್ದಾರ್ ಪಟ್ಟಿ ನೋಡಿದೋರು ಇನ್ಯಾರೂ ಉಳಿದಿಲ್ಲ ಕಣೋ."

"ಇಷ್ಟು ವರ್ಷ ಆದ್ಮೇಲೆ ಯಾಕೋ ಈ ಗೋಳು?" ಇಬ್ಬರೂ ಬೆಂಚಿನ ಮೇಲೆ ಕೂತ ಮೇಲೆ ಇವರು ಕೇಳಿದರು.

"ನಮ್ಮನೇಲೇ ನಂಬಲ್ಲ. 'ಮಾವನ ಹವಾಲ್ದಾರಿಕೆ' ಅಂತ ಅಳಿಯ ಊಟಕ್ಕೆ ಕೂತಾಗೆಲ್ಲ ನಗ್ತಾನೆ. ಹೋಗ್ಲಿ, ಅವನು ಹೊರಗಿನೋನು. ನನ್ನ ಹೆಂಡ್ತಿ ಸಾಯೋ ಹೊತ್ನಲ್ಲಿ ಕೈ ಹಿಡ್ಕೊಂಡು, 'ಈಗಲಾದ್ರೂ ನಿಜ ಹೇಳ್ರೀ, ಸಿಪಾಯಿ ಆಗಿದ್ರೂ ನಂಗೇನೂ ಬೇಜಾರಿಲ್ಲ' ಅಂದ್ಲು." ಕೊಕ್ಕರೆ ಕಟ್ಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದ. "ನಿಜಾನೇ ಹೇಳ್ದೆ. ಮುಖ ಆ ಕಡೆ ತಿರುಗಿಸ್ಕೊಂಡ್ಲು."

ಇವರಿಗೆ ಎದ್ದು ಓಡಿಹೋಗಬೇಕೆನಿಸಿತು.

ಒಳಗಿನಿಂದ ಗುಮಾಸ್ತೆಯ ದನಿ ಬಂತು. "ಹವಾಲ್ದಾರ್ ಸಾಹೇಬ್ರು ಯಾರು? ಬನ್ನಿ."

ಕೊಕ್ಕರೆ ಧಡಕ್ಕನೆ ಎದ್ದು ನಿಂತ. ಅವನ ಕಣ್ಣಲ್ಲಿ ನೀರಾಡಿತು. "ಕೇಳಿದ್ಯೇನೋ? ಹವಾಲ್ದಾರ್ ಅಂದ್ರು! ತಿದ್ದೇಬಿಟ್ರು ಅನ್ಸುತ್ತೆ!"

ಗುಮಾಸ್ತೆ ಬಾಗಿಲಿಗೆ ಬಂದಳು. "ನೀವಲ್ಲ ಅಜ್ಜಾ, ನೀವು ಅರ್ಜಿದಾರರು. ನಾನು ಕರೆದಿದ್ದು ಸಾಕ್ಷೀನ. ಇವ್ರನ್ನ."

ಕೊಕ್ಕರೆ ನಕ್ಕ. "ಇವನಾ? ಇವನು ಸಿಪಾಯಿ ಅಮ್ಮಾ. ನಮ್ಮ ತುಕಡಿಗೆ ಹವಾಲ್ದಾರ ಅಂತ ಇದ್ದಿದ್ದೇ ನಾನೊಬ್ಬ. ನೀವು ತಪ್ಪು ನೋಡ..." ಮೆಲ್ಲಗೆ ಕೈ ಚಾಚಿ, ಪ್ಲಾಸ್ಟಿಕ್ ಹೊದಿಕೆಯ ಪುಸ್ತಕವನ್ನು ಇವರ ಬೆರಳುಗಳಿಂದ ಬಿಡಿಸಿಕೊಂಡು ತೆರೆದ. ಬಹಳ ಹೊತ್ತು ಓದಿದ, ಇದ್ದದ್ದು ಒಂದೇ ಸಾಲಾದರೂ.

"ಜಾಗ ನೋಡ್ಕೋ ಅಂದಿದ್ದೆ" ಎಂದ.

ಗುಮಾಸ್ತೆಯ ಹುಬ್ಬು ಗಂಟಿಕ್ಕಿತು. "ಒಬ್ಬನೇ ಹವಾಲ್ದಾರ ಅಂತೀರಿ. ದಾಖಲೆ ಪ್ರಕಾರ ಆ ಒಬ್ಬರು ಇವರು. ಹಾಗಾದ್ರೆ ನಿಮ್ಮ ಅರ್ಜೀನೇ ಸುಳ್ಳಾಗುತ್ತಲ್ಲ ಅಜ್ಜಾ? ಸುಳ್ಳು ಅರ್ಜಿಗೆ ಕೇಸ್ ಹಾಕ್ತಾರೆ, ಗೊತ್ತಾ?" ಅವಳು ಇವರತ್ತ ತಿರುಗಿದಳು. "ನೀವು ಹೇಳಿ. ಇವರ ದರ್ಜೆ ಏನಾಗಿತ್ತು?"

ಬಾಯಿಪಾಠ ಮಾಡಿದ ಮಾತು ತುಟಿಯ ತುದಿಗೆ ಬಂದು ನಿಂತಿತು. ಜ್ಞಾಪಕ ಇಲ್ಲ ಎಂದರೆ ಮುಗಿಯಿತು, ಸಂಜೆಗೆ ಮನೆ ಸೇರಬಹುದು. ಕೊಕ್ಕರೆ ಮುಖವನ್ನು ಆ ಕಡೆ ತಿರುಗಿಸಿಕೊಂಡಿದ್ದ.

"ಹವಾಲ್ದಾರ್" ಎಂಬ ಮಾತು ಬಾಯಿಂದ ಬಿತ್ತು. "ಅವ್ರು ಹವಾಲ್ದಾರ್."

ಹೇಳಿಕೆಯ ಹಾಳೆಯ ಕೆಳಗೆ ಸಾಕ್ಷಿಯ ದರ್ಜೆ ಬರೆಯಲು ಒಂದು ಖಾಲಿ ಜಾಗವಿತ್ತು. ಪೆನ್ನು ಎರಡು ಸಲ ಹಾಳೆಯವರೆಗೆ ಹೋಗಿ ವಾಪಸು ಬಂತು. ಮೂರನೆಯ ಸಲ ಪುಟಾಣಿ 'ಸಿಪಾಯಿ' ಎಂದು ಬರೆದು, ಸಾಲಿನಲ್ಲಿ ನಡೆದದ್ದನ್ನು ಒಂದೂ ಬಿಡದೆ ಹೇಳಿದ. ಗುಮಾಸ್ತೆ ಎಲ್ಲವನ್ನೂ ಬರೆದುಕೊಂಡಳು. "ಇದು ಮೇಲಿನವರಿಗೆ ಹೋಗುತ್ತೆ. ನಿಮ್ಮ ಮೇಲೆ ಏನು ಕ್ರಮ ಅಂತ ಅವರೇ ಮನೆಗೆ ಬರೀತಾರೆ. ಪುಸ್ತಕ ಇಲ್ಲೇ ಬಿಡಿ." ಮತ್ತೊಂದು ಕಂದು ಲಕೋಟೆ! ಅದನ್ನೂ ಹೆಂಡತಿಯೇ ಹರಿದು ಗಟ್ಟಿಯಾಗಿ ಓದುತ್ತಾಳಲ್ಲ!

ಕಚೇರಿಯ ಗೇಟಿನ ಬಳಿ ಕೊಕ್ಕರೆ ನಿಂತಿದ್ದ. ಪುಟಾಣಿ ಹತ್ತಿರ ಹೋದ. ಕಾಲಿಗೆ ಬೀಳಬೇಕೋ, ಹೊಡೆಸಿಕೊಳ್ಳಬೇಕೋ ತಿಳಿಯಲಿಲ್ಲ.

"ನಾನು..."

"ಸಿಪಾಯಿ, ಸಾವಧಾನ್!"

ಮೂವತ್ತೊಂದು ವರ್ಷ ಕಳೆದರೂ ದನಿ ಅದೇ. ಪುಟಾಣಿಯ ಹಿಮ್ಮಡಿ ತಾನಾಗಿ ಕೂಡಿಕೊಂಡಿತು, ಎದೆ ಸೆಟೆಯಿತು, ಮುಷ್ಟಿ ತೊಡೆಗೆ ಅಂಟಿತು. ಹವಾಲ್ದಾರ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದ. ಆಮೇಲೆ ಕಾಗದದ ಕಟ್ಟನ್ನು ಕಂಕುಳಲ್ಲಿಟ್ಟು, ರಸ್ತೆ ದಾಟಿ, ಬಂದ ಬಸ್ಸು ಹತ್ತಿ ಹೊರಟುಹೋದ.

ವಿಶ್ರಾಮ್ ಎನ್ನಲಿಲ್ಲ.

ಹೋಗಿಬರುವವರು ದುರುಗುಟ್ಟಿ ನೋಡಿದರು. ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಕೆಲಸ ಆಯಿತೇ ಎಂದು ಕೇಳಲು ಹೆಂಡತಿಯೇ ಇರಬೇಕು. ಬೆವರು ಹುಬ್ಬಿನಿಂದ ಕಣ್ಣಿಗೆ ಇಳಿಯಿತು. ಸಿಪಾಯಿ ಕೈ ಎತ್ತದೆ, ಬಿಸಿಲಲ್ಲಿ ಹಾಗೆಯೇ ನಿಂತಿದ್ದ.